ಎತ್ತಿನ ಹಲ್ಲು, ಕೀಲಿಮಣೆಯ ಬೆನ್ನು

ಹಳೆಯ ಕಂಪ್ಯೂಟರ್‌ಗಳಲ್ಲಿ ಆಸಕ್ತಿಯುಳ್ಳವರ ಕೂಟವೊಂದರಲ್ಲಿ, ಬೆಂಗಳೂರಿನಲ್ಲಿ, ಆಡಿದ ಮಾತಿನ ಬರಹ ರೂಪವಿದು. ಅಂದು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಕೀಲಿಮಣೆಗಳಿವೆ. ಎರಡೂ ಐಬಿಎಂ ಕಂಪನಿಯ ಮಾಡೆಲ್ ಎಂ. ಎರಡರಲ್ಲೂ 101 ಕೀಲಿ. ಎರಡರ ಬೆನ್ನಿನ ಚೀಟಿಯಲ್ಲೂ ಒಂದೇ ಸಂಖ್ಯೆ, 1391401. ದೂರದಿಂದ ನೋಡಿದರೆ ಅವಳಿ ಮಕ್ಕಳು. ಎಡಗಡೆಯದು 1989ರಲ್ಲಿ ತಯಾರಾದದ್ದು, ಬಲಗಡೆಯದು 1993ರಲ್ಲಿ. ಬಲಗಡೆಯದು ಹೆಚ್ಚು ಬೆಳ್ಳಗಿದೆ, ಮೈಮೇಲೆ ಒಂದು ಗೀರೂ ಇಲ್ಲ. ಎಡಗಡೆಯದರ ಮೂಲೆಯಲ್ಲಿ ಎಲ್ಲೋ ಬಿದ್ದ ಗುರುತಿದೆ. ಇವೆರಡರ ಫೋಟೋ ತೆಗೆದು ಮಾರಾಟಕ್ಕಿಟ್ಟರೆ ಬಲಗಡೆಯದಕ್ಕೇ ಹೆಚ್ಚು ಹಣ ಬರುತ್ತದೆ. ಆದರೆ ನನಗೆ ಒಂದನ್ನು ಮಾತ್ರ ಇಟ್ಟುಕೊಳ್ಳಲು ಹೇಳಿದರೆ, ಒಂದು ಕ್ಷಣವೂ ಯೋಚಿಸದೆ ಎಡಗಡೆಯದನ್ನು ಎತ್ತಿಕೊಳ್ಳುತ್ತೇನೆ. ಯಾಕೆಂದು ಹೇಳುವುದೇ ಇವತ್ತಿನ ಮಾತು.

ನಮ್ಮ ಕಡೆಯ ದನದ ಜಾತ್ರೆಗಳನ್ನು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಬಂದ ರೈತ ಎತ್ತಿನ ಕೊಂಬಿಗೆ ಹಚ್ಚಿದ ಬಣ್ಣ ನೋಡಿ ಬೆಲೆ ಕಟ್ಟುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಲೆಕ್ಕ ಹಾಕುತ್ತಾನೆ. ಮೈಮೇಲೆ ಕೈಯಾಡಿಸಿ ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸದ್ದು ಕೇಳುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಟವಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಹಳೆಯ ಕೀಲಿಮಣೆಗಳನ್ನು ಸಂಗ್ರಹಿಸುವ ನಾವು ಮಾತ್ರ ಕೊಂಬಿನ ಬಣ್ಣ ನೋಡಿ ಬೆಲೆ ಕಟ್ಟುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಇದು ನನಗೆ ಬಹಳ ದಿನಗಳಿಂದ ಬೇಸರದ ವಿಷಯ.

ಮೊದಲು ಬೆನ್ನು ನೋಡೋಣ. ಮಾಡೆಲ್ ಎಂ ಕೀಲಿಮಣೆಯನ್ನು ತಿರುಗಿಸಿದರೆ ಒಂದು ಚೀಟಿ ಕಾಣುತ್ತದೆ. ಸಂಗ್ರಾಹಕರು ಅದನ್ನು ಜನನ ಪ್ರಮಾಣಪತ್ರ ಎಂದೇ ಕರೆಯುತ್ತಾರೆ. ಭಾಗಸಂಖ್ಯೆ, ಕ್ರಮಸಂಖ್ಯೆ, ತಯಾರಾದ ದಿನಾಂಕ ಎಲ್ಲವೂ ಅಲ್ಲಿರುತ್ತವೆ. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಇವುಗಳ ದೊಡ್ಡ ತವರು. ಸ್ಕಾಟ್ಲೆಂಡಿನ ಗ್ರೀನಾಕ್ ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದವು. 1991ರಲ್ಲಿ ಐಬಿಎಂ ತನ್ನ ಲೆಕ್ಸಿಂಗ್ಟನ್ ವ್ಯವಹಾರವನ್ನು ಮಾರಿತು, ಅದು ಲೆಕ್ಸ್‌ಮಾರ್ಕ್ ಎಂಬ ಕಂಪನಿಯಾಯಿತು. 1996ರಲ್ಲಿ ಲೆಕ್ಸ್‌ಮಾರ್ಕ್ ಕೀಲಿಮಣೆಯ ಕೆಲಸ ಬಿಟ್ಟಾಗ, ಅಚ್ಚುಗಳನ್ನೂ ಯಂತ್ರಗಳನ್ನೂ ಪಡೆದುಕೊಂಡು ಯೂನಿಕಾಂಪ್ ಎಂಬ ಸಣ್ಣ ಕಂಪನಿ ಅದೇ ಊರಿನ ನಂಟಿನಲ್ಲಿ ಕೆಲಸ ಮುಂದುವರಿಸಿತು. ಹೀಗಾಗಿ ಚೀಟಿಯ ಮೇಲಿನ ದಿನಾಂಕ ವಯಸ್ಸನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಯಾರ ಕಾಲದ ಕೂಸು ಎಂಬುದನ್ನೂ ಹೇಳುತ್ತದೆ. ವರ್ಷ ಕಳೆದಂತೆ ಖರ್ಚು ಉಳಿಸುವ ಒತ್ತಡ ಹೆಚ್ಚಿ, ಕೀಲಿಮಣೆಗಳು ಹಗುರವಾಗುತ್ತ ಬಂದವು. ಮೊದಲು ಕಳಚಿ ಬದಲಿಸಬಹುದಾಗಿದ್ದ ಕೇಬಲ್ ಕೊನೆಕೊನೆಗೆ ಒಳಗೇ ಕೂಡಿಕೊಂಡಿತು. ಬದಲಾವಣೆ ಎಲ್ಲವೂ ಕೆಟ್ಟದ್ದಕ್ಕೇ ಆಗಲಿಲ್ಲ ಎನ್ನುವುದನ್ನೂ ಹೇಳಬೇಕು. ಕಾಫಿ ಚೆಲ್ಲಿದರೆ ಹರಿದುಹೋಗಲು ಒಳಗೆ ಕಾಲುವೆ ಮಾಡಿದ್ದು ಈ ಕೊನೆಯ ವರ್ಷಗಳಲ್ಲೇ.

ಚೀಟಿ ಓದಿದ ಮೇಲೆ ಕಿವಿಯ ಕೆಲಸ. ಕೀಲಿಮಣೆಯನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ತಂದು, ನಿಧಾನವಾಗಿ ಒಂದು ಕಡೆಗೆ ವಾಲಿಸಿ. ಎಡಗಡೆಯದರಲ್ಲಿ ಸ್ಪ್ರಿಂಗುಗಳು ಒಟ್ಟಿಗೆ ಸಣ್ಣಗೆ ಮಿಡಿಯುತ್ತವೆ, ಅಷ್ಟೇ. ಈಗ ಬಲಗಡೆಯದು. ಕೇಳಿಸಿತೇ? ಒಣಗಿದ ಹುಣಸೆಕಾಯಿ ಅಲ್ಲಾಡಿಸಿದಾಗ ಒಳಗೆ ಬೀಜ ಉರುಳುವ ಸದ್ದು. ಆ ಬೀಜಗಳು ಏನೆಂದರೆ ಮುರಿದುಬಿದ್ದ ಪ್ಲಾಸ್ಟಿಕ್ ರಿವೆಟ್‌ಗಳ ತಲೆಗಳು.

ಮಾಡೆಲ್ ಎಂ ಒಳಗೆ ಪ್ಲಾಸ್ಟಿಕ್ಕಿನ ಒಂದು ಹಲಗೆ, ಅದರ ಹಿಂದೆ ಉಕ್ಕಿನ ತಗಡು, ನಡುವೆ ಸಂಪರ್ಕದ ತೆಳು ಹಾಳೆಗಳು. ಈ ಮೂರನ್ನೂ ಬಿಗಿಯಾಗಿ ಹಿಡಿದಿರುವುದು ಪ್ಲಾಸ್ಟಿಕ್ ಹಲಗೆಯಿಂದಲೇ ಹೊರಟು, ತಗಡಿನ ತೂತುಗಳಲ್ಲಿ ತೂರಿ, ಬಿಸಿಯಿಂದ ಚಪ್ಪಟೆ ಮಾಡಿದ ಸಣ್ಣ ಸಣ್ಣ ಮೊಳೆಗಳು. ಕಾಲ ಕಳೆದಂತೆ ಪ್ಲಾಸ್ಟಿಕ್ ಪೆಡಸಾಗಿ ಅವುಗಳ ತಲೆ ಹಾರುತ್ತದೆ. ನಾಲ್ಕೈದು ಹೋದರೆ ಏನೂ ತಿಳಿಯುವುದಿಲ್ಲ. ಒಂದೇ ಜಾಗದಲ್ಲಿ ಹತ್ತು ಹೋದರೆ ಆ ಭಾಗದ ಕೀಲಿಗಳು ಬಿಗಿ ಕಳೆದುಕೊಂಡು, ಬೆರಳಿಗೆ ಮೆತ್ತಗೆ, ಉತ್ತರ ಕೊಡಲು ಒಲ್ಲದವರಂತೆ ಆಗುತ್ತವೆ. ನಾನು ಮೊದಲು ಕೊಂಡ ಮಾಡೆಲ್ ಎಂ ಹೀಗೇ ಇತ್ತು. ಮಾರಿದವರು ಹೊಸದರಂತಿದೆ ಎಂದಿದ್ದರು. ಹೊರಗೆ ನಿಜವಾಗಿಯೂ ಹೊಸದರಂತೆಯೇ ಇತ್ತು. ಅಮೆರಿಕದಿಂದ ತರಿಸಿದ ಸಾಗಣೆ ಖರ್ಚೇ ಕೀಲಿಮಣೆಯ ಬೆಲೆಯನ್ನು ಮೀರಿತ್ತು. ತೆರೆದಾಗ ಮೇಜಿನ ಮೇಲೆ ಕಪ್ಪು ಚೂರುಗಳ ಒಂದು ಚಿಟಿಕೆ ಉದುರಿತು. ಹೊಳೆಯುವ ಮೈ ನೋಡಿ ಹಣ ಕೊಟ್ಟಿದ್ದೆ ಎಂದು ಅವತ್ತು ಅರ್ಥವಾಯಿತು.

ರಿಪೇರಿ ಇದೆ. ಉಳಿದ ಮೊಳೆಗಳನ್ನೂ ಕತ್ತರಿಸಿ, ಒಂದೊಂದೇ ಜಾಗದಲ್ಲಿ ಸಣ್ಣ ತೂತು ಕೊರೆದು, ಎರಡು ಮಿಲಿಮೀಟರಿನ ಬೋಲ್ಟು ನಟ್ಟು ಹಾಕಿ ಬಿಗಿಯಬೇಕು. ಇಡೀ ಭಾನುವಾರ ಹೋಗುತ್ತದೆ. ತೆರೆಯುವುದಕ್ಕೇ ತಾಳ್ಮೆ ಬೇಕು, ಕವಚದ ನಾಲ್ಕು ಸ್ಕ್ರೂಗಳು ಆಳವಾದ ಗುಂಡಿಯಲ್ಲಿ ಕೂತಿರುತ್ತವೆ. ಐದೂವರೆ ಮಿಲಿಮೀಟರಿನ, ಗೋಡೆ ತೆಳ್ಳಗಿರುವ ನಟ್ ಡ್ರೈವರ್ ಸಿಗದೆ ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಅಲೆದಿದ್ದೇನೆ. ಆದರೆ ಒಮ್ಮೆ ಬೋಲ್ಟು ಹಾಕಿದ ಮಾಡೆಲ್ ಎಂ ಇನ್ನೊಂದು ತಲೆಮಾರು ಬಾಳುತ್ತದೆ. ಎಡಗಡೆಯದಕ್ಕೆ ಈ ಕೆಲಸ ಆಗಿದೆ. ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು, ಒಳಗೆ ಕೈಯಾಡಿಸಿದರೆ ಬೆಲೆ ಇಳಿಯುತ್ತದೆ ಎಂದು ವಾದಿಸುವ ಸಂಗ್ರಾಹಕರಿದ್ದಾರೆ. ಗಡಿಯಾರಕ್ಕೋ ನಾಣ್ಯಕ್ಕೋ ಆ ವಾದ ಒಪ್ಪಬಹುದು. ಉದುರುವುದೇ ಗ್ಯಾರಂಟಿಯಾದ ಮೊಳೆಗಳ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಅಚ್ಚುಕಟ್ಟಾಗಿ ಬೋಲ್ಟು ಹಾಕಿದ್ದಕ್ಕೆ ಹೆಚ್ಚು ಬೆಲೆ ಕೊಡಬೇಕು, ಕೊಡುತ್ತೇನೆ.

ಇಷ್ಟು ಕಷ್ಟಪಟ್ಟು ಉಳಿಸಿಕೊಳ್ಳುವಂಥದ್ದು ಒಳಗೆ ಏನಿದೆ ಎಂದು ಕೇಳಬಹುದು. ಪ್ರತಿ ಕೀಲಿಯ ಕೆಳಗೆ ಒಂದು ಕೊಳವೆ, ಕೊಳವೆಯಲ್ಲಿ ಒಂದು ಸ್ಪ್ರಿಂಗ್. ಕೀಲಿ ಒತ್ತುತ್ತ ಹೋದಂತೆ ಸ್ಪ್ರಿಂಗ್ ಕುಗ್ಗುತ್ತದೆ, ಕುಗ್ಗುತ್ತ ಕುಗ್ಗುತ್ತ ಒಂದು ಹಂತದಲ್ಲಿ ತಡೆಯಲಾರದೆ ಪಕ್ಕಕ್ಕೆ ಬಾಗಿ ಕೊಳವೆಯ ಗೋಡೆಗೆ ಬಡಿಯುತ್ತದೆ. ಟಕ್ ಎನ್ನುವ ಸದ್ದು ಅದು. ಅದೇ ಕ್ಷಣದಲ್ಲಿ ಸ್ಪ್ರಿಂಗಿನ ಬುಡದಲ್ಲಿರುವ ಪುಟ್ಟ ಸುತ್ತಿಗೆ ವಾಲಿ ಅಕ್ಷರ ದಾಖಲಾಗುತ್ತದೆ. ಸದ್ದು, ಬೆರಳಿಗೆ ತಾಕುವ ಜಾರು, ಅಕ್ಷರ ಮೂಡುವುದು, ಮೂರಕ್ಕೂ ಕಾರಣ ಒಂದೇ ಆದ್ದರಿಂದ ಮೂರೂ ಒಟ್ಟಿಗೆ ಆಗುತ್ತವೆ. ಇದನ್ನು ಕಂಡುಹಿಡಿದವರು ಐಬಿಎಂನ ರಿಚರ್ಡ್ ಹಂಟರ್ ಹ್ಯಾರಿಸ್. ಮೊದಲ ಪೇಟೆಂಟ್ 1978ರದು, ಮಾಡೆಲ್ ಎಂಗೆ ಆಧಾರವಾದದ್ದು 1985ರದು. ಇಂದಿನ ಕೀಲಿಗಳ ಕೆಳಗಿರುವ ಕ್ಲಿಕ್ ಸದ್ದಿನ ಸ್ವಿಚ್‌ಗಳಲ್ಲಿ, ಉದಾಹರಣೆಗೆ ಚೆರ್ರಿ ಎಂಬ ಜರ್ಮನ್ ಕಂಪನಿಯ ನೀಲಿ ಸ್ವಿಚ್ಚಿನಲ್ಲಿ, ಸದ್ದು ಮಾಡುವ ತುಂಡು ಬೇರೆ, ಸಂಪರ್ಕ ಕೂಡಿಸುವ ತುಂಡು ಬೇರೆ. ಕಿವಿ ಇದನ್ನು ಹಿಡಿಯಲಾರದು, ಬೆರಳು ಹಿಡಿಯುತ್ತದೆ.

ಮಾಡೆಲ್ ಎಂಗೆ ಒಬ್ಬ ಅಣ್ಣನಿದ್ದಾನೆ, ಮಾಡೆಲ್ ಎಫ್. 1981ರಲ್ಲಿ ಐಬಿಎಂ ಪಿಸಿಯ ಜೊತೆಗೆ ಬಂದದ್ದು ಅದೇ. ಸ್ಪ್ರಿಂಗ್ ಬಾಗುವ ತತ್ವ ಒಂದೇ, ಬುಡದಲ್ಲಿ ಮಾತ್ರ ತೆಳು ಹಾಳೆಗಳ ಬದಲು ಸರ್ಕ್ಯೂಟ್ ಬೋರ್ಡ್ ಇದೆ, ಸುತ್ತಿಗೆ ವಾಲಿದಾಗ ವಿದ್ಯುತ್ ಧಾರಕತೆಯಲ್ಲಾಗುವ ಬದಲಾವಣೆಯನ್ನು ಅದು ಗುರುತಿಸುತ್ತದೆ. ಎಷ್ಟು ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಗೊಂದಲವಿಲ್ಲ. ಒತ್ತಡ ಹಗುರ, ಸದ್ದು ಹರಿತ, ಹಿಂದೆಯೇ ಲೋಹದ ಒಂದು ಗುಂಯ್ ಅನುರಣನ. ನನ್ನ ಮಟ್ಟಿಗೆ ಅದರ ನಿಜವಾದ ಹೆಚ್ಚುಗಾರಿಕೆ ಇನ್ನೊಂದಿದೆ. ಅದರ ಎರಡು ಲೋಹದ ತಗಡುಗಳು ಒಂದರೊಳಗೊಂದು ಜಾರಿ ಕೊಂಡಿಯಲ್ಲಿ ಕೂರುತ್ತವೆ. ಮುರಿಯುವ ಮೊಳೆಗಳೇ ಇಲ್ಲ. ಬಿಚ್ಚಬಹುದು, ತೊಳೆಯಬಹುದು, ಮತ್ತೆ ಕೂಡಿಸಬಹುದು. ಒಳಗಿನ ಫೋಮ್ ಪದರ ಮಾತ್ರ ವರ್ಷಗಳಲ್ಲಿ ಪುಡಿಪುಡಿಯಾಗಿರುತ್ತದೆ, ಹೊಸದಾಗಿ ಕತ್ತರಿಸಿ ಹಾಕಿದರಾಯಿತು.

ಇಷ್ಟು ಒಳ್ಳೆಯದಾದರೆ ಮಾಡೆಲ್ ಎಫ್ ಎಲ್ಲವೂ ದುಬಾರಿಯಾಗಿರಬೇಕಲ್ಲ? ಇಲ್ಲಿಯೇ ಬೆಲೆ ಬೇರೆ, ಮೌಲ್ಯ ಬೇರೆ ಎನ್ನುವುದು ಕಣ್ಣಿಗೆ ಹೊಡೆದಂತೆ ಕಾಣುವುದು. ಮೊದಲ ಪಿಸಿಯ 83 ಕೀಲಿಗಳ ಮಾಡೆಲ್ ಎಫ್ ತನ್ನ ಗುಣಕ್ಕೆ ಹೋಲಿಸಿದರೆ ಅಗ್ಗ. ಯಾಕೆಂದರೆ ಅದರ ಕೀಲಿಗಳ ಜೋಡಣೆ ಇಂದಿನವರಿಗೆ ಅಪರಿಚಿತ. ಫಂಕ್ಷನ್ ಕೀಲಿಗಳು ಎಡಕ್ಕೆ, ಬಾಣದ ಕೀಲಿಗಳು ಪ್ರತ್ಯೇಕವಾಗಿಲ್ಲ, ಎಡ ಶಿಫ್ಟ್ ಚಿಕ್ಕದು. ಇಂದಿನ ಕಂಪ್ಯೂಟರಿಗೆ ನೇರವಾಗಿ ಜೋಡಿಸಲೂ ಆಗದು, ಸಂಕೇತ ಬದಲಿಸುವ ಪುಟ್ಟ ಸಾಧನವೊಂದು ನಡುವೆ ಬೇಕು. ಅದೇ ಕಾಲದಲ್ಲಿ, ಅದೇ ತಂತ್ರದಲ್ಲಿ ಬ್ಯಾಂಕುಗಳ 4704 ಟರ್ಮಿನಲ್‌ಗೆಂದು ತಯಾರಾದ 62 ಕೀಲಿಗಳ ಮಾಡೆಲ್ ಎಫ್ ಮಾತ್ರ ಸಂಗ್ರಾಹಕರ ಕನಸು. ಅದರ ಬೆಲೆ ಹಲವು ಪಟ್ಟು. ಬ್ಯಾಂಕಿನ ಗುಮಾಸ್ತರಿಗೆ ಮಾಡಿದ ಪುಟ್ಟ ಕೀಲಿಮಣೆ, ಇಂದಿನ ಚಿಕ್ಕ ಮೇಜಿಗೆ, ಚಿಕ್ಕ ಕೀಲಿಮಣೆಯ ಮೋಹಕ್ಕೆ ಸರಿಯಾಗಿ ಹೊಂದಿಬಿಟ್ಟಿತು. ಮಾಡೆಲ್ ಎಂ ವಂಶದಲ್ಲೂ ಇದೇ ಕಥೆ. ಸಂಖ್ಯೆಗಳ ಭಾಗವನ್ನು ತೆಗೆದುಹಾಕಿದ ಚಿಕ್ಕ ಮಾದರಿ, 1391472, ಪೂರ್ಣ ಗಾತ್ರದ್ದಕ್ಕಿಂತ ಬಹಳ ದುಬಾರಿ. ಕೀಲಿ ಕಡಿಮೆ, ಹಣ ಹೆಚ್ಚು. ಒಳಗಿನ ಸ್ಪ್ರಿಂಗು, ಹಾಳೆ, ಮೊಳೆ ಎಲ್ಲ ಅವೇ. ಅಪರೂಪ ಮತ್ತು ರೂಢಿಗೆ ಕೊಡುವ ಹಣ ಅದು. ಕೊಡಬಾರದು ಎನ್ನುವುದಿಲ್ಲ. ಯಾವುದಕ್ಕೆ ಕೊಡುತ್ತಿದ್ದೇವೆ ಎಂಬುದು ಕೊಡುವವರಿಗೆ ತಿಳಿದಿರಲಿ.

ಬೆಲೆಯ ಬಗ್ಗೆ ಇನ್ನೊಂದು ಮಾತು. ಕೇಳಿದ ಬೆಲೆಯನ್ನು ಬೆಲೆ ಎಂದುಕೊಳ್ಳಬೇಡಿ. ತಿಂಗಳುಗಟ್ಟಲೆ ಮಾರಾಟವಾಗದೆ ಕೂತ ಕೀಲಿಮಣೆಯ ಅಂಕಿಯನ್ನು ತೋರಿಸಿ ಇದು ಇಷ್ಟು ಬಾಳುತ್ತದೆ ಎನ್ನುವವರು ಬಹಳ. ಟವಲ್ಲಿನ ಕೆಳಗೆ ಕೊನೆಗೆ ಹಿಡಿದ ಬೆರಳು ಯಾವುದು ಎಂಬುದೇ ಮುಖ್ಯ.

ಬೇರೆ ವಂಶಗಳಿಗೆ ಬೇರೆ ಹಲ್ಲು. 1987ರಲ್ಲಿ ಬಂದ ಆಪಲ್ ಎಕ್ಸ್‌ಟೆಂಡೆಡ್ ಕೀಲಿಮಣೆಯನ್ನು ತೆಗೆದುಕೊಳ್ಳಿ. ಒಳಗಿರುವುದು ಜಪಾನಿನ ಆಲ್ಪ್ಸ್ ಸ್ವಿಚ್. ಅದಕ್ಕೆ ಧೂಳೇ ಶತ್ರು. ಧೂಳು ಹೊಕ್ಕರೆ ಮರಳಿನ ಮೇಲೆ ಎಳೆದಂತೆ ಕರಕರ ಎನ್ನುತ್ತದೆ, ತೊಳೆದರೂ ಪೂರ್ತಿ ಮೊದಲಿನಂತಾಗುವುದು ಕಷ್ಟ. ಹಾಗಾಗಿ ಆಲ್ಪ್ಸ್ ಕೊಳ್ಳುವಾಗ ಬೆರಳಿನ ತುದಿಯಲ್ಲಿ ಕೀಲಿಯ ಅಂಚನ್ನು ಓರೆಯಾಗಿ, ಬಹಳ ನಿಧಾನವಾಗಿ ಒತ್ತಿ ನೋಡಬೇಕು, ವೇಗವಾಗಿ ಟೈಪ್ ಮಾಡಿದರೆ ಕರಕರ ಮುಚ್ಚಿಹೋಗುತ್ತದೆ. ಚೆರ್ರಿಯ ಹಳೆಯ ಕಪ್ಪು ಸ್ವಿಚ್‌ಗಳಿಗೆ ಇದರ ತದ್ವಿರುದ್ಧ ಹೆಸರು, ಬಳಸಿ ಬಳಸಿ ನುಣುಪಾದದ್ದಕ್ಕೇ ಬೇಡಿಕೆ. ಇನ್ನು ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆಂದೇ ಅಮೆರಿಕದಲ್ಲಿ ಕಟ್ಟಿದ ಕಂಪ್ಯೂಟರುಗಳ ಸ್ಪೇಸ್ ಕೆಡೆಟ್ ಕೀಲಿಮಣೆಯಂಥವು ನಮ್ಮ ನಿಮ್ಮ ಕೈಗೆ ಬರುವಂಥವಲ್ಲ, ಅವುಗಳ ಜಾಗ ವಸ್ತುಸಂಗ್ರಹಾಲಯ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಹಳೆಯ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗುತ್ತದೆ. ಪಿಬಿಟಿ ಎಂಬ ಇನ್ನೊಂದು ಪ್ಲಾಸ್ಟಿಕ್ ಸುಲಭವಾಗಿ ಆಗುವುದಿಲ್ಲ. ಆ ಆಪಲ್ ಕೀಲಿಮಣೆಯಲ್ಲಿ ಅಕ್ಷರದ ಕೀಲಿಗಳು ಪಿಬಿಟಿ, ಸ್ಪೇಸ್‌ಬಾರ್ ಎಬಿಎಸ್. ಆದ್ದರಿಂದ ಕೀಲಿಗಳು ಬೂದುಬಿಳಿ, ನಡುವೆ ಸ್ಪೇಸ್‌ಬಾರ್ ಮಾತ್ರ ಹಳೆಯ ದಂತದ ಬಣ್ಣ ಎಂದಿದ್ದರೆ ಗಾಬರಿಯಾಗಬೇಡಿ, ಅದು ಸಹಜವಾಗಿ ವಯಸ್ಸಾದ ಲಕ್ಷಣ. ಮೂವತ್ತೈದು ವರ್ಷ ದಾಟಿದ ಮೇಲೂ ಸ್ಪೇಸ್‌ಬಾರ್ ಹಾಲಿನಂತಿದ್ದರೆ ಕತ್ತಲಲ್ಲಿ ಜೋಪಾನವಾಗಿ ಇಟ್ಟಿದ್ದೋ, ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಲ್ಲಿಟ್ಟು ಬಿಳಿ ಮಾಡಿದ್ದೋ ಎಂದು ವಿಚಾರಿಸಬೇಕು. ಹಾಗೆ ಬಿಳಿ ಮಾಡಿದ್ದು ಮತ್ತೆ ಹಳದಿಗೆ ತಿರುಗುವುದುಂಟು, ಮೇಲ್ಮೈ ಮಚ್ಚೆಮಚ್ಚೆಯಾಗುವುದೂ ಉಂಟು. ನಾನು ಮಾಡುವುದಿಲ್ಲ. ಹೇಳದೆ ಮಾಡಿ ಮಾರುವುದನ್ನಂತೂ ಮೋಸ ಎಂದೇ ಕರೆಯುತ್ತೇನೆ.

ಅದಕ್ಕಿಂತ ನೋವಿನ ಸಂಗತಿ ಬಿಡಿಭಾಗಗಳಿಗಾಗಿ ಕೀಲಿಮಣೆಗಳನ್ನು ಹರಿದುಹಾಕುವುದು. ನೀಲಿ ಆಲ್ಪ್ಸ್ ಸ್ವಿಚ್‌ಗಳಿಗೆ ಬೇಡಿಕೆ ಬಂದಾಗ ಅವಿರುವ, ಲೀಡಿಂಗ್ ಎಡ್ಜ್ ಎಂಬ ಕಂಪನಿಯ ಹಳೆಯ ಕೀಲಿಮಣೆಗಳನ್ನು ಕೊಂಡು, ಸ್ವಿಚ್ ಕಿತ್ತುಕೊಂಡು, ಉಳಿದದ್ದನ್ನು ಎಸೆದವರಿದ್ದಾರೆ. ಕೆಟ್ಟುಹೋದದ್ದರಿಂದ ತೆಗೆದರೆ ತಪ್ಪಿಲ್ಲ, ಅದು ಇನ್ನೊಂದಕ್ಕೆ ಜೀವ. ಚೆನ್ನಾಗಿರುವುದನ್ನು ಬಿಚ್ಚಿದವರು ಆಮೇಲೆ ಅದೇ ಅಪರೂಪವಾಯಿತೆಂದು ಬೆಲೆ ಏರಿಸುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಗುಜರಿಯಲ್ಲಿ ಮಾಡೆಲ್ ಎಂ ಯಾಕೆ ಸಿಗುವುದಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಯಿತು, ಟಾಟಾ ಜೊತೆಗೂಡಿ ಮರಳಿದ್ದು 1992ರಲ್ಲಿ. ಮಾಡೆಲ್ ಎಫ್ ಹುಟ್ಟಿದ್ದು, ಮಾಡೆಲ್ ಎಂ ಬೆಳೆದದ್ದು ಸರಿಯಾಗಿ ಆ ನಡುವಿನ ವರ್ಷಗಳಲ್ಲಿ. ಇಲ್ಲಿನ ಕಚೇರಿಗಳಲ್ಲಿ ಅವು ಅಪರೂಪವಾದದ್ದರಲ್ಲಿ ಆಶ್ಚರ್ಯವೇನಿದೆ? ನಮ್ಮ ಪಾಲಿಗೆ ಬಂದದ್ದು ಟಿವಿಎಸ್ ಗೋಲ್ಡ್ ಎಂಬ ಕೀಲಿಮಣೆ. ಬ್ಯಾಂಕು, ಬಿಲ್ಲಿಂಗ್ ಕೌಂಟರು, ಡಿಟಿಪಿ ಅಂಗಡಿ, ಎಲ್ಲಿ ಹೋದರೂ ಅದರ ಕಟಕಟ. ಒಳಗೆ ಜರ್ಮನಿಯ ಚೆರ್ರಿಯ ನೀಲಿ ಸ್ವಿಚ್. ಸಂಗ್ರಾಹಕರು ಅದರತ್ತ ತಿರುಗಿಯೂ ನೋಡುವುದಿಲ್ಲ, ಎಲ್ಲೆಲ್ಲೂ ಸಿಗುತ್ತದೆ ಎಂಬ ಕಾರಣಕ್ಕೆ. ಮಾಡೆಲ್ ಎಂ ಕೂಡ ಒಂದು ಕಾಲಕ್ಕೆ ಎಲ್ಲೆಲ್ಲೂ ಸಿಗುತ್ತಿತ್ತು, ಕಸದ ಜೊತೆ ಹೋಗುತ್ತಿತ್ತು.

ಇದೋ, ಇದು ಒಂದು ಡಿಟಿಪಿ ಅಂಗಡಿ ಮುಚ್ಚಿದಾಗ ನನಗೆ ಸಿಕ್ಕ ಟಿವಿಎಸ್ ಗೋಲ್ಡ್. ದೀಪದ ಕೆಳಗೆ ಹೀಗೆ ಓರೆಯಾಗಿ ಹಿಡಿದಾಗ ಕೀಲಿಗಳ ಮೇಲಿನ ಹೊಳಪು ಕಾಣುತ್ತದೆ. ಸವೆದ ಕೀಲಿ ಮಿನುಗುತ್ತದೆ, ಸವೆಯದ್ದು ಮಂಕಾಗಿರುತ್ತದೆ. ಇಂಗ್ಲಿಷ್ ಟೈಪ್ ಮಾಡಿದ ಕೀಲಿಮಣೆಯಲ್ಲಿ ಮಿನುಗುವುದು ಇ, ಟಿ, ಎ, ಸ್ಪೇಸ್‌ಬಾರಿನ ಬಲ ತುದಿ. ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಮಿನುಗುತ್ತಿರುವುದು ಎಫ್. ಇಂಗ್ಲಿಷಿನಲ್ಲಿ ಎಫ್ ಅಷ್ಟು ಬಳಕೆಯ ಅಕ್ಷರವೇ ಅಲ್ಲ. ಆದರೆ ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ಕನ್ನಡ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕು. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ. ಲಗ್ನಪತ್ರಿಕೆ, ಕರಪತ್ರ, ಶ್ರದ್ಧಾಂಜಲಿ, ಯಾವುದನ್ನು ಟೈಪ್ ಮಾಡಿದರೂ ಪ್ರತಿ ಒತ್ತಕ್ಷರಕ್ಕೂ ಎಡಗೈ ತೋರುಬೆರಳು ಇಲ್ಲಿಗೆ ಬರಬೇಕು. ಬೆರಳಿಗೆ ಗುರುತಾಗಲೆಂದು ಈ ಕೀಲಿಯ ಮೇಲೆ ಇದ್ದ ಸಣ್ಣ ಗೆರೆ ಸವೆದು ಮುಟ್ಟಿದರೂ ತಿಳಿಯದಂತಾಗಿದೆ. ಕನ್ನಡ ಬರೆದು ಬರೆದು ಹೀಗಾದ ಕೀಲಿಮಣೆ ಇದು. ಎಫ್ ಕೀಲಿಗೆ ಹೊಸ ಟೋಪಿ ಹಾಕಿಕೊಡುತ್ತೇನೆ, ಚೆನ್ನಾಗಿ ಕಾಣುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಬೇಡ ಎಂದೆ. ಮಾರುಕಟ್ಟೆಯಲ್ಲಿ ಇದಕ್ಕೆ ಐನೂರು ರೂಪಾಯಿಯೂ ಹುಟ್ಟದು. ನನ್ನ ಮನೆಯಲ್ಲಿ ಬೆಂಕಿ ಬಿದ್ದರೆ ನಾನು ಮೊದಲು ಎತ್ತಿಕೊಳ್ಳುವ ಕೀಲಿಮಣೆ ಇದೇ.

ಕೊನೆಯದಾಗಿ ಹೋಲಿಸುವ ಕ್ರಮ. ಅಂಕಿಗಳನ್ನು ನಂಬಿ ಹೋಲಿಸಬೇಡಿ. ಚೆರ್ರಿಯ ಕಪ್ಪು ಸ್ವಿಚ್ಚಿಗೆ ಸುಮಾರು 60 ಗ್ರಾಂ ಒತ್ತಡ ಬೇಕು, ಮಾಡೆಲ್ ಎಂಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಕಾಗದದಲ್ಲಿ ನೆರೆಹೊರೆಯವರು, ಬೆರಳಿಗೆ ಬೇರೆ ಬೇರೆ ಲೋಕದವರು. ಒಂದು ಉದ್ದಕ್ಕೂ ಒಂದೇ ಸಮನೆ ಬಿಗಿಯುತ್ತ ಹೋಗುತ್ತದೆ, ಇನ್ನೊಂದು ತಡೆದು ನಿಂತು ಕುಸಿಯುತ್ತದೆ. ಕೀಲಿಮಣೆಗಳನ್ನು ಒಂದೇ ಮೇಜಿನ ಮೇಲೆ, ಕೆಳಗೆ ದಪ್ಪ ಬಟ್ಟೆ ಹಾಸಿ ಇಡಿ. ಟೊಳ್ಳು ಮೇಜು ಯಾವ ಕೀಲಿಮಣೆಗೂ ಸಲ್ಲದ ಮೃದಂಗದ ನಾದ ಕೊಡುತ್ತದೆ. ಒಂದೇ ಪುಟದ ಬರಹವನ್ನು ಎಲ್ಲದರಲ್ಲೂ ಟೈಪ್ ಮಾಡಿ. ಮೊದಲ ಐದು ನಿಮಿಷದ ಅನಿಸಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿಂದಿನ ಕೀಲಿಮಣೆಯ ನೆನಪು ಬೆರಳಲ್ಲಿ ಇನ್ನೂ ಇರುತ್ತದೆ. ಮತ್ತೆ ಕನ್ನಡದಲ್ಲೂ ಟೈಪ್ ಮಾಡಿ. 1989ರ ಕೀಲಿಮಣೆ ಕಳಿಸುವುದು ಯಾವ ಕೀಲಿ ಒತ್ತಿದರೆಂಬ ಸಂಕೇತ ಮಾತ್ರ, ಅದನ್ನು ಕನ್ನಡವಾಗಿಸುವುದು ತಂತ್ರಾಂಶ. ಹಾಗಾಗಿ ಕೆಂಟಕಿಯಲ್ಲಿ ಕೂಡಿಸಿದ ಯಂತ್ರದಲ್ಲಿ ಒತ್ತಕ್ಷರ ಸೊಗಸಾಗಿ ಮೂಡುತ್ತದೆ. ಎಫ್ ಕೀಲಿ ಅಷ್ಟು ಸಲ ಟಕ್ ಎನ್ನುವುದನ್ನು ಕೇಳಿದರೆ ಗೊತ್ತಾಗುತ್ತದೆ, ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗಿನ ಲಯವೇ ಬೇರೆ, ಕನ್ನಡದ್ದೇ ಬೇರೆ.

ಅಲ್ಲಿ ಹಿಂದಿನ ಮೇಜಿನ ಮೇಲೆ ಇನ್ನೂ ಮೂರು ಮಾಡೆಲ್ ಎಂ ಇಟ್ಟು ಟವಲ್ ಮುಚ್ಚಿದ್ದೇನೆ. ಒಂದಕ್ಕೆ ಬೋಲ್ಟು ಹಾಕಿದೆ, ಒಂದು ಕಾರ್ಖಾನೆಯಿಂದ ಬಂದ ಹಾಗೇ ಗಟ್ಟಿಯಾಗಿದೆ, ಒಂದರ ಮೊಳೆಗಳು ಉದುರಿವೆ. ಯಾವುದು ಯಾವುದೆಂದು ನಾನು ಹೇಳುವುದಿಲ್ಲ. ಚಹಾ ಲೋಟಗಳನ್ನು ಈ ಕಡೆಯೇ ಇಟ್ಟು ಬನ್ನಿ, ಟವಲ್ಲಿನ ಕೆಳಗೆ ಕೈ ಹಾಕಿ ಟೈಪ್ ಮಾಡಿ, ಎತ್ತಿ ಕಿವಿಗೆ ಹಿಡಿಯಿರಿ. ಬೆಲೆ ಚೀಟಿಯಲ್ಲಿ ಬರೆದು ಕೊಡಿ. ಆಮೇಲೆ ಒಟ್ಟಿಗೆ ಬಿಚ್ಚಿ ನೋಡೋಣ, ನಟ್ ಡ್ರೈವರ್ ತಂದಿದ್ದೇನೆ.